ನನಗೆ ನಾಲ್ಕು ಮದ್ದು, ಮಗಳಿಗೆ ಒಂದೇ: ಟಿಬಿ ಮಾತ್ರೆ ತೆಗೊಂಡ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆ ಹತ್ತಿರ ನಮ್ಮ ಮನೆ, ಉಪ್ಪಳದಲ್ಲಿ ಝೆರಾಕ್ಸ್ ಅಂಗಡಿ. ಕಳೆದ ಮಳೆಗಾಲದಲ್ಲಿ ಶುರುವಾದ ಕೆಮ್ಮು ನಿಲ್ಲಲೇ ಇಲ್ಲ, ಒಂದು ಕ್ಲಿನಿಕಲ್ಲಿ ತಿಂಗಳಿಡೀ ಸಿರಪ್ ಕೊಟ್ರು, ಕಫ ಟೆಸ್ಟ್ ಮಾಡ್ಸಿ ಅಂತ ಹೇಳ್ಲಿಲ್ಲ, ಸಂಜೆಗೆ ಜ್ವರ, ರಾತ್ರಿ ಬೆವರು, ತೂಕ 47 ಕಿಲೋಗೆ ಇಳಿಯಿತು. ಕೊನೆಗೆ ನಮ್ಮ ವಾರ್ಡಿನ ಆಶಾ ಅಕ್ಕ ಡಬ್ಬಿ ಕೊಟ್ಟು ಕಫ ತೆಗೊಂಡು ಹೋದ್ರು. ಟಿಬಿ ಉಂಟು, ಆದ್ರೆ ಅದರ ಮುಖ್ಯ ಮದ್ದು ರಿಫಾಂಪಿಸಿನ್‌ಗೆ ಬಗ್ಗುವಂಥದ್ದು ಅಂತ ರಿಪೋರ್ಟ್ ಬಂತು. ಅದು ಎಷ್ಟು ದೊಡ್ಡ ಸಮಾಧಾನದ ಮಾತು ಅಂತ ಆಮೇಲೆ ಗೊತ್ತಾಯ್ತು.

ನಾಲ್ಕು ಮದ್ದು ಸೇರಿಸಿದ ಮಾತ್ರೆ, ತೂಕ ನೋಡಿ ದಿನಕ್ಕೆ 3, ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರನ್ನೂ ಒಟ್ಟಿಗೆ ನುಂಗ್ಬೇಕು. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋದದ್ದು ನೋಡಿ ಹೆದರಿ ಫೋನ್ ಮಾಡಿದೆ, ಅದು ರಿಫಾಂಪಿಸಿನ್ ಬಣ್ಣ, ಬೆವರಿಗೂ ಬರ್ತದೆ, ಹೆದರ್ಬೇಡಿ ಅಂದ್ರು. ಆದ್ರೆ ಕಣ್ಣು ಹಳದಿ ಆದ್ರೆ, ವಾಂತಿ ನಿಲ್ಲದಿದ್ರೆ, ಕಣ್ಣು ಮಂಜಾದ್ರೆ ಕೂಡ್ಲೇ ಬನ್ನಿ ಅಂತ ಆವತ್ತೇ ಹೇಳಿದ್ರು. ನನಗೆ ಬಂದದ್ದು ಗಂಟು ನೋವು ಮತ್ತೆ ಕಾಲಡಿಯಲ್ಲಿ ಜುಮುಜುಮು, ಜುಮುಜುಮುಗೆ ಬಿ6 ಮಾತ್ರೆ ಕೊಟ್ರು, ಕಡಿಮೆ ಆಯ್ತು.

ಎರಡು ತಿಂಗಳಾಗುವಾಗ ತೂಕ 52. ಅಲ್ಲಿಂದ ನಾಲ್ಕರಲ್ಲಿ ಪಿರಾಜಿನಾಮೈಡ್ ಅನ್ನುವ ಮದ್ದು ಬಿಟ್ಟು ಮೂರೇ ಮದ್ದಿನ ಮಾತ್ರೆ, ಆದ್ರೆ ಎಣಿಕೆ 3 ಇದ್ದದ್ದು 4 ಆಯ್ತು. ರೋಗ ಜಾಸ್ತಿ ಆಯ್ತಾ ಅಂತ ಅಮ್ಮ ಅಳ್ಲಿಕ್ಕೆ ಶುರು, ತೂಕ ಏರಿದ್ದಕ್ಕೆ ಮಾತ್ರೆ ಏರಿದ್ದು ಅಂತ ಒಪ್ಪಿಸ್ಲಿಕ್ಕೆ ಎರಡು ದಿನ ಹಿಡೀತು.

ನಿಜ ಹೇಳ್ಬೇಕಂದ್ರೆ ಕಷ್ಟದ ತಿಂಗಳು ಮೂರನೆಯದ್ದು. ಕೆಮ್ಮಿಲ್ಲ, ಜ್ವರ ಇಲ್ಲ, ಊಟ ಸೇರ್ತದೆ, ಮತ್ತೆ ಎಂತಕ್ಕೆ ಇದು ಅಂತ ಅನ್ನಿಸ್ತದೆ. ಪುತ್ತೂರಿಗೆ ಮದುವೆಗೆ ಹೋದವ ಎರಡು ದಿನ ಮಾತ್ರೆ ಒಯ್ಯಲಿಲ್ಲ. ಆಶಾ ಅಕ್ಕನಿಗೆ ಗೊತ್ತಾಗಿ ಮನೆಗೇ ಬಂದು ಕೂತ್ರು. ಓಡಾಡುವ ಬ್ಯಾಕ್ಟೀರಿಯಾ ಬೇಗ ಸಾಯ್ತದೆ, ಮಲಗಿದ್ದು ಸಾಯ್ಲಿಕ್ಕೇ ತಿಂಗಳುಗಟ್ಲೆ ಬೇಕು, ಅರ್ಧಕ್ಕೆ ಬಿಟ್ರೆ ಅದು ಎದ್ದು ಬರ್ತದೆ, ಮದ್ದಿಗೆ ಬಗ್ಗದ್ದಾಗಿಯೂ ಬರಬಹುದು ಅಂದ್ರು. ಆಮೇಲೆ ಒಂದು ದಿನವೂ ತಪ್ಪಿಸ್ಲಿಲ್ಲ.

ಮಗಳ ವಿಷಯ ನನಗೆ ಇದಕ್ಕಿಂತ ದೊಡ್ಡದು. ಅವಳಿಗೆ ನಾಲ್ಕು ವರ್ಷ, ನನ್ನ ಹೊಟ್ಟೆ ಮೇಲೇ ಮಲಗುವ ಮಗು. ಎಕ್ಸ್‌ರೇ ಮಾಡಿ ರೋಗ ಇಲ್ಲ ಅಂದ್ರು, ಮತ್ತೆ ರೋಗ ಬಾರದ ಹಾಗೆ ಆರು ತಿಂಗಳು ದಿನಾ ಐಸೋನಿಯಾಜಿಡ್, ನನ್ನ ನಾಲ್ಕು ಮದ್ದಲ್ಲಿ ಒಂದು, ಕೊಡಿ ಅಂದ್ರು. ಅಮ್ಮನಿಗೆ ಮಲಯಾಳ ಬರುದಿಲ್ಲ, ಡಾಕ್ಟ್ರು ಹೇಳಿದ್ದನ್ನ ನಾನು ಕನ್ನಡದಲ್ಲಿ ಹೇಳಿದ್ರೆ ‘ರೋಗ ಇಲ್ಲದ ಮಗುವಿಗೆ ಮದ್ದು ಎಂತಕ್ಕೆ ಮಗಾ’ ಅಂತ ಜಗಳ. ನನ್ನ ತಲೆಯಲ್ಲಿದ್ದದ್ದೂ ಅದೇ ಪ್ರಶ್ನೆ, ಜೊತೆಗೆ ನನಗೆ ನಾಲ್ಕು, ಅವಳಿಗೆ ಒಂದೇ ಮದ್ದು ಸಾಕಾ ಅಂತ. ಡಾಕ್ಟ್ರು ಹೇಳಿದ್ದು ಹೀಗೆ: ನನ್ನ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಲೆ, ಅಷ್ಟರಲ್ಲಿ ಕೆಲವು ಹುಟ್ಟಾ ಒಂದು ಮದ್ದಿಗೆ ಸಾಯದಂಥದ್ದು ಇದ್ದೇ ಇರ್ತವೆ, ಒಂದೇ ಮದ್ದು ಕೊಟ್ರೆ ಅವೇ ಬೆಳೀತವೆ. ಮಗುವಿನೊಳಗೆ ಹೊಕ್ಕಿದ್ರೂ ಸ್ವಲ್ಪ, ಮಲಗಿದ್ದು, ಅದಕ್ಕೆ ಒಂದು ಸಾಕು. ರೋಗ ಇಲ್ಲ ಅಂತ ಮೊದಲು ಖಾತ್ರಿ ಮಾಡುದೂ ಅದಕ್ಕೇ. ಐದು ವರ್ಷದೊಳಗಿನ ಮಕ್ಕಳಿಗೆ ಟಿಬಿ ಬೇಗ ಮೆದುಳಿಗೂ ಏರ್ತದೆ ಅಂತ ಕೇಳಿದ ಮೇಲೆ ಅಮ್ಮ ಮಾತಾಡ್ಲಿಲ್ಲ.

ಕಿಲೋಗೆ 10 ಮಿಲಿಗ್ರಾಂ ಲೆಕ್ಕ. ಚಮಚದಲ್ಲಿ ಪುಡಿ ಮಾಡಿ ನೀರಲ್ಲಿ ಕಲಸಿ, ಬೆಳಿಗ್ಗೆ ನನ್ನದು ನುಂಗುವಾಗಲೇ ಅವಳಿಗೂ. ಒಟ್ಟಿಗೆ ಮಾಡಿದ್ದಕ್ಕೇ ಮರೆಯದೆ ನಡೆದದ್ದು ಅಂತ ನನ್ನ ಅಭಿಪ್ರಾಯ. ಸರ್ಕಾರದಿಂದ ನನಗೆ ಬರುವ ತಿಂಗಳ 1000 ರೂಪಾಯಿ ಮೊಟ್ಟೆಗೆ, ಬಂಗುಡೆಗೆ ಹೋಯ್ತು.

ನನ್ನದು ಮುಗೀತು, ಕಡೆಯ ಕಫ ಟೆಸ್ಟಲ್ಲಿ ಏನೂ ಇಲ್ಲ. ಎಕ್ಸ್‌ರೇಗೆ ತಡ ಆದ್ದರಿಂದ ಮಗಳದ್ದು ಇನ್ನೂ 19 ದಿನ ಉಂಟು, ಈಗ ಅಮ್ಮನೇ ಬೆಳಿಗ್ಗೆ ಚಮಚ ಹಿಡ್ಕೊಂಡು ಅವಳನ್ನ ಕರೀತಾರೆ.