ಕಣ್ಣೀರಿನ ಚೀಲದ ಕೀವು: ನಾನು ಆಪರೇಷನ್ ಮಾಡುವ ರೀತಿ

ಆ ಅಮ್ಮ ಬಂದಾಗ ಎಡಗಣ್ಣಿನ ಒಳಮೂಲೆ, ಮೂಗಿನ ಪಕ್ಕದಲ್ಲೇ, ಗೋಲಿ ಗಾತ್ರಕ್ಕೆ ಕೆಂಪಗೆ ಊದಿಕೊಂಡಿತ್ತು. ವಯಸ್ಸು ಐವತ್ತರ ಹತ್ತಿರ, ಮನೆಯಲ್ಲೇ ರವಿಕೆ ಹೊಲಿಯುವವರು. ಎರಡು ವರ್ಷದಲ್ಲಿ ಇದು ಐದನೇ ಸಲ. ಪ್ರತಿ ಸಲವೂ ಮಾತ್ರೆ, ಡ್ರಾಪ್ಸ್, ವಾರದಲ್ಲಿ ಊತ ಇಳಿಯುವುದು, ಮೂರ್ನಾಲ್ಕು ತಿಂಗಳಿಗೆ ಮತ್ತೆ ಅದೇ. "ಸೂಜಿಗೆ ದಾರ ಪೋಣಿಸೋಕೂ ಆಗಲ್ಲ ಡಾಕ್ಟ್ರೇ, ಕಣ್ಣು ಯಾವಾಗ್ಲೂ ಒದ್ದೆ" ಅಂದರು.

ನಾನು ಕಣ್ಣಿನ ಡಾಕ್ಟರ್. ಇಂಥವರು ವರ್ಷಪೂರ್ತಿ ಬರುತ್ತಾರೆ, ಅದರಲ್ಲೂ ನಲವತ್ತು ದಾಟಿದ ಹೆಂಗಸರೇ ಜಾಸ್ತಿ. ರೆಪ್ಪೆಗಳ ಒಳಮೂಲೆಯಲ್ಲಿ, ಮೇಲೊಂದು ಕೆಳಗೊಂದು, ಸೂಜಿಮೊನೆಯಷ್ಟು ತೂತುಗಳಿವೆ. ಕನ್ನಡಿ ಮುಂದೆ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ನೋಡಿ, ಕಾಣುತ್ತದೆ. ಕಣ್ಣೀರು ಅಲ್ಲಿಂದ ಮೂಗಿನ ಪಕ್ಕದ ಚೀಲಕ್ಕೆ ಬಂದು, ಎಲುಬಿನೊಳಗಿನ ನಾಳ ಹಿಡಿದು ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ. ಈ ನಾಳ ಕಟ್ಟಿಕೊಂಡರೆ ಚೀಲದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಕೀವಾಗುತ್ತದೆ. ಆ್ಯಂಟಿಬಯಾಟಿಕ್ ಕೀವನ್ನು ಕಡಿಮೆ ಮಾಡುತ್ತದೆ, ಕಟ್ಟಿದ ದಾರಿಯನ್ನು ಬಿಡಿಸುವುದಿಲ್ಲ. ಐದು ಸಲ ಮಾತ್ರೆ ನುಂಗಿದವರಿಗೂ ಈ ಒಂದು ಮಾತನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ. (ಎಳೆ ಮಕ್ಕಳ ಕಥೆ ಬೇರೆ. ಅವರಿಗೆ ಚೀಲದ ಮೇಲೆ ಮಸಾಜ್ ಮಾಡುತ್ತಾ ಬಂದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ದಾರಿ ತಾನಾಗೇ ತೆರೆದುಕೊಳ್ಳುತ್ತದೆ.)

ಊದಿರುವಾಗ ನಾನು ಚಾಕು ಹಿಡಿಯುವುದಿಲ್ಲ, ಸಿರಿಂಜಿಂಗ್ (ರೆಪ್ಪೆಯ ತೂತಿಗೆ ಉಪ್ಪುನೀರು ಬಿಟ್ಟು ದಾರಿ ತೆರೆದಿದೆಯಾ ಅಂತ ನೋಡುವುದು) ಕೂಡ ಮಾಡುವುದಿಲ್ಲ. ಕೀವು ತುಂಬಿ ಒಡೆಯುವ ಹಾಗಿದ್ದರೆ ಮಾತ್ರ ಸಣ್ಣದಾಗಿ ಕೊಯ್ದು ಹೊರಗೆ ಬಿಡಬೇಕಾಗುತ್ತದೆ. ಅವರಿಗೆ ಅಷ್ಟು ಆಗಿರಲಿಲ್ಲ. ಮಾತ್ರೆ ಕೊಟ್ಟು, ಬಟ್ಟೆ ಬಿಸಿ ಮಾಡಿ ಶಾಖ ಕೊಡಲು ಹೇಳಿದೆ. ಹಿಂಡಬೇಡಿ, ಏನೂ ಹಚ್ಚಬೇಡಿ ಅಂತ ಎರಡು ಸಲ ಹೇಳಿ ಕಳಿಸಿದೆ. ಕೀವು ಚರ್ಮ ಒಡೆದು ಬಂದರೆ ಅಲ್ಲೇ ತೂತು ಉಳಿದು ಕಣ್ಣೀರು ಕೆನ್ನೆಗೆ ಸೋರುವುದುಂಟು.

ಮೂರು ವಾರ ಬಿಟ್ಟು ಬಂದರು. ಊತ ಇಳಿದಿತ್ತು. ಚೀಲದ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದೆ, ಕೆಳರೆಪ್ಪೆಯ ತೂತಿನಿಂದ ಗಂಜಿಯಂಥ ಬಿಳಿ ನೀರು ಉಕ್ಕಿತು. ಸಿರಿಂಜಿಂಗ್ ಮಾಡಿದಾಗ ಕೆಳಗಿನ ತೂತಿಗೆ ಬಿಟ್ಟ ಉಪ್ಪುನೀರು ಅಷ್ಟೂ ಮೇಲಿನ ತೂತಿನಿಂದ ವಾಪಸ್ ಬಂತು, ಗಂಟಲಿಗೆ ಒಂದು ಹನಿಯೂ ಹೋಗಲಿಲ್ಲ. ಇನ್ನು ಅನುಮಾನ ಬೇಕಾಗಿರಲಿಲ್ಲ, ಡಿಸಿಆರ್ ಮಾಡಬೇಕು.

ಡಿಸಿಆರ್ ಅಂದರೆ ಕಟ್ಟಿದ ನಾಳವನ್ನು ಅಲ್ಲೇ ಬಿಟ್ಟು, ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುವುದು. ಇಟಲಿಯ ಟೋಟಿ ಅನ್ನುವ ಡಾಕ್ಟರ್ 1904ರಲ್ಲಿ ಇದನ್ನು ಬರೆದಿಟ್ಟರು. ಈಗ ಮೂಗಿನೊಳಗಿಂದ ಎಂಡೋಸ್ಕೋಪ್ ಹಾಕಿಯೂ ಮಾಡುತ್ತಾರೆ, ಹೊರಗೆ ಗಾಯದ ಗುರುತೇ ಇರುವುದಿಲ್ಲ. ನನ್ನ ಕೈ ಪಳಗಿರುವುದು ಹೊರಗಿನಿಂದ ಮಾಡುವ ರೀತಿಗೆ, ಅದನ್ನು ಅವರಿಗೆ ಹೇಳಿಯೇ ಮಾಡಿದೆ. ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಮೂಗು ತೋರಿಸಿದೆವು. ಬಿಪಿ ಹತೋಟಿಗೆ ಬರುವವರೆಗೆ ಹತ್ತು ದಿನ ಕಾಯಿಸಿದೆ. ಇಲ್ಲಿ ರಕ್ತ ಜಾಸ್ತಿ ಬಂದರೆ ಏನೂ ಕಾಣುವುದಿಲ್ಲ.

ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಮೂಗಿಗೆ ಔಷಧಿಯಲ್ಲಿ ನೆನೆಸಿದ ಬಟ್ಟೆಪಟ್ಟಿ. ಮೂಗಿನ ಪಕ್ಕ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ ಕೊಯ್ದೆ. ಅಲ್ಲೇ ಒಂದು ರಕ್ತನಾಳ ಹಾದುಹೋಗುತ್ತದೆ, ಅದನ್ನು ತಪ್ಪಿಸಬೇಕು. ಚೀಲವನ್ನು ಪಕ್ಕಕ್ಕೆ ಸರಿಸಿದರೆ ಅದರ ಹಿಂದಿನ ಎಲುಬು ಒಂದು ಕಡೆ ಕಾಗದದಷ್ಟು ತೆಳು. ಅಲ್ಲಿ ಒತ್ತಿದಾಗ ಹಪ್ಪಳ ಮುರಿದ ಹಾಗೆ ಕೈಗೆ ಗೊತ್ತಾಗುತ್ತದೆ. ಆ ಸಂದಿಯಿಂದ ಪಂಚ್ ಅನ್ನುವ ಸಲಕರಣೆ ತೂರಿಸಿ ಚೂರುಚೂರೇ ಎಲುಬು ಕಚ್ಚಿ ತೆಗೆಯುತ್ತಾ ದೊಡ್ಡದು ಮಾಡಿದೆ. ಶುರುವಿನ ವರ್ಷಗಳಲ್ಲಿ ಒಬ್ಬರಿಗೆ ಈ ಕಿಂಡಿಯನ್ನು ಚಿಕ್ಕದು ಮಾಡಿದ್ದೆ, ಕೆಲವೇ ತಿಂಗಳಲ್ಲಿ ಮುಚ್ಚಿಕೊಂಡು ಅವರು ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆವತ್ತಿನಿಂದ ನನ್ನ ಕಿರುಬೆರಳ ತುದಿ ಹಿಡಿಸುವಷ್ಟು ಆಗುವವರೆಗೆ ಪಂಚ್ ಕೆಳಗಿಡುವುದಿಲ್ಲ. ಕೊನೆಗೆ ಚೀಲದ ಒಳಪದರ, ಮೂಗಿನ ಒಳಪದರ ಎರಡನ್ನೂ ಕದ ತೆರೆದ ಹಾಗೆ ಕೊಯ್ದು, ಒಂದಕ್ಕೊಂದು ಹೊಲಿದೆ. ಎಲ್ಲಕ್ಕಿಂತ ತಾಳ್ಮೆ ಬೇಡುವ ಕೆಲಸ ಇದೇ.

ಚರ್ಮ ಹೊಲಿಯುವ ಮುಂಚೆ ಕೆಳಗಿನ ತೂತಿಗೆ ಉಪ್ಪುನೀರು ಬಿಟ್ಟೆ. ಬಟ್ಟೆಯ ಕೆಳಗಿನಿಂದ "ಗಂಟ್ಲಿಗೆ ಏನೋ ಉಪ್ಪುಪ್ಪು ಬಂತು ಡಾಕ್ಟ್ರೇ" ಅಂದರು. ಆಪರೇಷನ್ ಥಿಯೇಟರಿನಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಮಾತು ಇನ್ನೊಂದಿಲ್ಲ.

ಮಾರನೇ ದಿನ ಮೂಗಿನ ಪಟ್ಟಿ ತೆಗೆದೆ, ವಾರಕ್ಕೆ ಹೊಲಿಗೆ ಬಿಚ್ಚಿದೆ. ಅಲ್ಲಿಯವರೆಗೆ ಮೂಗು ಜೋರಾಗಿ ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಎರಡು ದಿನ ಉಗುಳಿನಲ್ಲಿ ಸ್ವಲ್ಪ ರಕ್ತ ಕಂಡಿದ್ದಕ್ಕೆ ಗಾಬರಿಯಾಗಿ ಅವರ ಮಗ ಫೋನ್ ಮಾಡಿದ್ದರು. ಅಷ್ಟು ಇರುತ್ತದೆ, ಆದರೆ ಧಾರೆಯಾಗಿ ಬಂದರೆ ಕಾಯದೆ ಆಸ್ಪತ್ರೆಗೆ ಬರಬೇಕು.

ಅವರಿಗೆ ಅದೇ ಕಣ್ಣಲ್ಲಿ ಪೊರೆಯೂ ಬೆಳೆಯುತ್ತಿತ್ತು. ಚೀಲದಲ್ಲಿ ಕೀವು ಇಟ್ಟುಕೊಂಡು ಪೊರೆ ತೆಗೆದರೆ ಸೋಂಕು ಕಣ್ಣೊಳಗೆ ಹೋಗಿ ದೃಷ್ಟಿಯೇ ಹೋಗಬಹುದು, ಹಾಗಾಗಿ ಅದನ್ನು ತಡೆದು ಇಟ್ಟಿದ್ದೆ. ಮೂರು ತಿಂಗಳ ನಂತರ ಮತ್ತೆ ಸಿರಿಂಜಿಂಗ್ ಮಾಡಿದೆ. ನೀರು ಬಿಡುತ್ತಿದ್ದ ಹಾಗೇ, ನಾನು ಕೇಳುವ ಮುಂಚೆಯೇ, "ಉಪ್ಪು" ಅಂದರು. ಪೊರೆ ಆಪರೇಷನ್ನಿಗೆ ಆವತ್ತೇ ದಿನ ಬರೆದುಕೊಟ್ಟೆ.