ಟೊಮೆಟೊಗೆ ಹುಳ ಬಿದ್ದರೆ ಮೊದಲು ತಳಿ ಕೇಳಿ, ಆಮೇಲೆ ಗೊಬ್ಬರ ಕೇಳಿ

"ಬಿಳಿ ನೊಣ ಬಂದುಬಿಟ್ಟಿದೆ, ಯಾವ ಔಷಧಿ ಹೊಡೆಯಲಿ?" ಅಂತ ಯಾರಾದರೂ ಕೇಳಿದರೆ ನಾನು ಔಷಧಿಯ ಹೆಸರು ಹೇಳುವುದಿಲ್ಲ. ಯಾವ ತಳಿ ಹಾಕಿದ್ದೀರಿ, ಇತ್ತೀಚೆಗೆ ಯೂರಿಯಾ ಎಷ್ಟು ಕೊಟ್ಟಿರಿ ಅಂತ ತಿರುಗಿ ಕೇಳುತ್ತೇನೆ. ಎರಡನ್ನೂ ಒಟ್ಟಿಗೇ ಕೇಳಬೇಕು. ತಳಿಯಿಂದ ಗಿಡಕ್ಕೆ ಬಂದ ಶಕ್ತಿಯನ್ನು ಗೊಬ್ಬರ ಉಳಿಸಬಹುದು, ಅಥವಾ ಹಾಳು ಮಾಡಬಹುದು. ಈ ನಂಟು ಗೊತ್ತಾದರೆ ಸ್ಪ್ರೇಯರ್ ಹೊರಗೆ ತೆಗೆಯುವ ಸಂದರ್ಭಗಳೇ ಕಡಿಮೆಯಾಗುತ್ತವೆ.

ಬೀಜದ ಪೊಟ್ಟಣದ ಮೇಲೆ ಏನಿದೆ, ಏನಿಲ್ಲ

ಪೊಟ್ಟಣದ ಮೇಲೆ "ಎಲೆ ಮುಟುರು ರೋಗ ನಿರೋಧಕ" ಅಂತ ಇದ್ದರೆ ಬಿಳಿ ನೊಣ ಬರುವುದಿಲ್ಲ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಲೆ ಮುಟುರು ಬರುವುದು ಬಿಳಿ ನೊಣ ಹರಡುವ ವೈರಸ್‌ನಿಂದ. ಇಂಥ ತಳಿಗಳಲ್ಲಿರುವ ಟಿವೈ-1, ಟಿವೈ-2, ಟಿವೈ-3 ಅನ್ನುವ ಜೀನ್‌ಗಳು ಆ ವೈರಸ್ಸನ್ನು ತಡೆಯುತ್ತವೆ, ನೊಣವನ್ನು ತಡೆಯುವುದಿಲ್ಲ. ನೊಣ ಬರುತ್ತದೆ, ಕೂರುತ್ತದೆ, ರಸ ಹೀರುತ್ತದೆ, ಮೊಟ್ಟೆ ಇಡುತ್ತದೆ. ಅದು ಬಿಡುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆದರೂ ಎಲೆ ಮುಟುರು ಇರುವ ಕಡೆ ಇಂಥ ತಳಿಯನ್ನೇ ಹಾಕಿ. ವೈರಸ್ ಹರಡಲು ನೊಣಗಳ ಹಿಂಡೇ ಬೇಕಾಗಿಲ್ಲ, ಕೆಲವೇ ಸಾಕು.

ಬೇರುಗಂಟು ಜಂತುಹುಳುವಿಗೆ ನಿರೋಧಕ ಎಂದು ಇಂಗ್ಲಿಷಿನ 'ಎನ್' ಅಕ್ಷರ ಹಾಕಿದ ತಳಿಗಳೂ ಇವೆ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಎಂಐ ಅನ್ನುವ ಜೀನ್. ಇದು ಕಾಡು ಟೊಮೆಟೊದಿಂದ ಬಂದದ್ದು. ಬೇರಿನ ಜಂತುಹುಳುವಿನ ಜೊತೆಗೆ ಒಂದು ಜಾತಿಯ ಗಿಡಹೇನನ್ನೂ, ಸ್ವಲ್ಪ ಮಟ್ಟಿಗೆ ಬಿಳಿ ನೊಣವನ್ನೂ ಇದು ತಡೆಯುತ್ತದೆ. ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಜಂತುಹುಳುವಿನ ಮೇಲೆ ಇದರ ಹಿಡಿತ ಸಡಿಲವಾಗುತ್ತದೆ. ಬಿಸಿಲು ಕಾಲದಲ್ಲಿ ಬುಡಕ್ಕೆ ಹುಲ್ಲು ಹೊದಿಸುವುದಕ್ಕೆ ಇದೂ ಒಂದು ಕಾರಣ.

ಎಲೆಯ ಮೇಲಿನ ರೋಮ

ಟೊಮೆಟೊ ಗಿಡ ಸವರಿದ ಮೇಲೆ ಬೆರಳಿಗೆ ಹಸಿರು-ಹಳದಿ ಕಲೆ ಹತ್ತುತ್ತದೆ, ಅಲ್ವಾ? ಅದು ಎಲೆಯ ರೋಮದ ತುದಿಯಲ್ಲಿರುವ ಸಣ್ಣ ಗುಳ್ಳೆಗಳು ಒಡೆದು ಬಂದ ರಸ. ಸಣ್ಣ ಹುಳುಗಳಿಗೆ ಈ ರಸ ಅಂಟು, ಕೆಲವಕ್ಕೆ ವಿಷ. ಸೊಲಾನಮ್ ಹ್ಯಾಬ್ರೊಕೈಟಿಸ್ ಅನ್ನುವ ಕಾಡು ಟೊಮೆಟೊದ ರೋಮದಲ್ಲಿ 2-ಟ್ರೈಡೆಕಾನೋನ್ ಎಂಬ ಕೀಟನಾಶಕ ವಸ್ತು ಇದೆ ಎಂದು 1980ರಲ್ಲಿ ವಿಜ್ಞಾನಿಗಳು ತೋರಿಸಿದರು. ಸೊಲಾನಮ್ ಪೆನ್ನೆಲ್ಲಿ ಅನ್ನುವ ಇನ್ನೊಂದು ಕಾಡು ಜಾತಿಯ ರೋಮದಲ್ಲಿ ಅಂಟಂಟು ಸಕ್ಕರೆ ಎಣ್ಣೆ ಇರುತ್ತದೆ. ಅದರ ಮೇಲೆ ಕೂತ ಬಿಳಿ ನೊಣ ಕಾಲು ಕೀಳಲಾಗದೆ ಒದ್ದಾಡುತ್ತದೆ. ನಾವು ಬೆಳೆಯುವ ತಳಿಗಳು ಹಣ್ಣಿನ ಗಾತ್ರ, ಬಣ್ಣ, ಸಾಗಣೆಗೆ ಆರಿಸಿ ಬಂದವು. ಈ ಶಕ್ತಿ ಅವುಗಳಲ್ಲಿ ಕಡಿಮೆ.

ಹಾಗಂತ ಕೂದಲು ಜಾಸ್ತಿ ಇರುವ ತಳಿಯೇ ಒಳ್ಳೆಯದು ಅಂತ ಆರಿಸಬೇಡಿ. ತುದಿಯಲ್ಲಿ ರಸವಿಲ್ಲದ ಒಣ ಕೂದಲಿನ ನಡುವೆ ಬಿಳಿ ನೊಣ ಇನ್ನೂ ಖುಷಿಯಾಗಿ ಮೊಟ್ಟೆ ಇಡುತ್ತದೆ. ಅಂಟು ರೋಮ ತುಂಬಾ ಇದ್ದರೆ ಇನ್ನೊಂದು ತೊಂದರೆ. ನಮಗೆ ಸಹಾಯ ಮಾಡುವ ಪರಭಕ್ಷಕ ನುಸಿ, ಸಣ್ಣ ಕಣಜಗಳೂ ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟುಕೊಳ್ಳಿ. ರೋಮದ ತುದಿಯಲ್ಲಿ ಹೊಳೆಯುವ ಗುಂಡು ಇದೆಯಾ ಇಲ್ಲವಾ ಅಂತ ನೀವೇ ನೋಡಬಹುದು.

ಸಾರಜನಕ: ಎಲ್ಲ ಕೆಡುವುದು ಇಲ್ಲಿ

ಗಿಡದ ರಸದಲ್ಲಿ ಸಕ್ಕರೆ ಬೇಕಾದಷ್ಟು ಇರುತ್ತದೆ. ಹುಳ ಮೈ ಬೆಳೆಸಿಕೊಳ್ಳಲು ಬೇಕಾದ ಅಮೈನೋ ಆಮ್ಲ ಮಾತ್ರ ಕಡಿಮೆ. ಅದಕ್ಕೇ ಗಿಡಹೇನು, ಬಿಳಿ ನೊಣ ಎರಡೂ ರಸವನ್ನು ಲೀಟರುಗಟ್ಟಲೆ ಕುಡಿದಂತೆ ಹೀರಿ, ಹೆಚ್ಚಾದ ಸಕ್ಕರೆಯನ್ನು ಅಂಟಾಗಿ ಹೊರಗೆ ಬಿಡುತ್ತವೆ. ಯೂರಿಯಾದಿಂದ ಗಿಡಕ್ಕೆ ಸಿಗುವುದು ಸಾರಜನಕ. ಅದನ್ನು ಹೆಚ್ಚು ಕೊಟ್ಟರೆ ಈ ಅಮೈನೋ ಆಮ್ಲ ರಸದಲ್ಲಿ ಏರುತ್ತದೆ. ಹುಳಕ್ಕೆ ಇದ್ದ ಕೊರತೆಯನ್ನು ನಾವೇ ತುಂಬಿಕೊಟ್ಟಂತೆ. ಅವು ಬೇಗ ಬೆಳೆಯುತ್ತವೆ, ಜಾಸ್ತಿ ಮೊಟ್ಟೆ ಇಡುತ್ತವೆ. ಎಲೆಯೊಳಗೆ ಸುರಂಗ ಕೊರೆಯುವ, ಟೂಟಾ ಅನ್ನುವ ಪತಂಗದ ಮರಿಗಳಿಗೂ ಸಾರಜನಕ ತುಂಬಿದ ಎಲೆ ಒಳ್ಳೆಯ ಮೇವು.

ಇನ್ನೊಂದು ಪೆಟ್ಟು ಗಿಡದ ರಕ್ಷಣೆಗೇ ಬೀಳುತ್ತದೆ. ಕ್ಲೋರೊಜೆನಿಕ್ ಆಮ್ಲ, ರುಟಿನ್ ಥರದ ವಸ್ತುಗಳನ್ನು ಟೊಮೆಟೊ ಎಲೆ ತಾನೇ ಮಾಡಿಕೊಳ್ಳುತ್ತದೆ. ಸಾರಜನಕ ಧಾರಾಳವಾದಾಗ ಇವು ಕಡಿಮೆಯಾಗುತ್ತವೆ. ಎಲೆ ಮೃದುವಾಗುತ್ತದೆ. 2-ಟ್ರೈಡೆಕಾನೋನ್ ಇರುವ ಆ ಕಾಡು ಟೊಮೆಟೊದ ಕೀಟ ತಡೆಯುವ ಶಕ್ತಿಯೂ ಗೊಬ್ಬರ ಹೆಚ್ಚು ಕೊಟ್ಟಾಗ ತಗ್ಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಒಳ್ಳೆಯ ತಳಿ ಹಾಕಿ, ಮೇಲೆ ಯೂರಿಯಾ ಸುರಿದರೆ ತಳಿಗೆ ಕೊಟ್ಟ ದುಡ್ಡು ವ್ಯರ್ಥ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಜಾಸ್ತಿಯಾಗಿದೆ ಅಂತ ತಿಳಿಯುವುದು ಹೇಗೆ? ಎಲೆ ಕಡು ಹಸಿರಾಗುತ್ತದೆ, ಕುಡಿ ಎಲೆಗಳು ಕೆಳಮುಖವಾಗಿ ಸುರುಳಿಯಾಗುತ್ತವೆ, ಹೂ ಉದುರುತ್ತದೆ, ಕಂಕುಳ ಚಿಗುರು ತೆಗೆದಷ್ಟೂ ಬರುತ್ತದೆ. ಎತ್ತರಕ್ಕೆ ಬೆಳೆಯುವ ತಳಿಯಾದರೆ ಕುಡಿಯಿಂದ 15 ಸೆಂಟಿಮೀಟರ್ ಕೆಳಗೆ ಕಾಂಡದ ದಪ್ಪ ನೋಡಿ. ಸುಮಾರು 1 ಸೆಂಟಿಮೀಟರ್ ಇದ್ದರೆ ಸರಿ. ಅದಕ್ಕಿಂತ ತುಂಬಾ ದಪ್ಪ ಇದ್ದರೆ ಗಿಡ ಕಾಯಿಯನ್ನು ಮರೆತು ಸೊಪ್ಪಿನ ಕಡೆ ಓಡುತ್ತಿದೆ.

ಹಾಗಾದರೆ ಹೇಗೆ ಕೊಡಬೇಕು

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಒಟ್ಟು ಎಷ್ಟು ಬೇಕು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಆ ಸಾರಜನಕವನ್ನು ಒಮ್ಮೆಲೇ ಹಾಕಬೇಡಿ. ನಾಟಿಯ ಹೊತ್ತಿಗೆ ಕಾಲು ಭಾಗ ಸಾಕು. ಉಳಿದದ್ದನ್ನು ಮೊದಲ ಗೊಂಚಲು ಕಾಯಿ ಕಚ್ಚಿದ ಮೇಲೆ ಸಣ್ಣ ಸಣ್ಣ ಕಂತಾಗಿ ಕೊಡಿ. ಡ್ರಿಪ್ (ಹನಿ ನೀರಾವರಿ) ಇದ್ದರೆ ವಾರಕ್ಕೊಮ್ಮೆ ಕೊಡುವುದು ಸುಲಭ. ನಾಟಿಯಾದ ಮೊದಲ ವಾರಗಳಲ್ಲಿ ಗಿಡವನ್ನು ಸೊಂಪಾಗಿಸಲು ಆತುರ ಪಡಬೇಡಿ. ವೈರಸ್ ತಗುಲಿದರೆ ದೊಡ್ಡ ನಷ್ಟವಾಗುವುದು ಆ ಎಳೆ ವಯಸ್ಸಿನಲ್ಲೇ. ಯೂರಿಯಾದಲ್ಲಿ 46% ಸಾರಜನಕ ಇರುತ್ತದೆ. ಕೈ ತಪ್ಪಿ ಒಂದು ಹಿಡಿ ಜಾಸ್ತಿ ಬಿದ್ದರೂ ಅದು ದೊಡ್ಡ ಪ್ರಮಾಣವೇ. ಕೋಳಿ ಗೊಬ್ಬರವನ್ನೂ ಲೆಕ್ಕಕ್ಕೆ ಸೇರಿಸಿ. ಸಾವಯವ ಅಂತ ಎಷ್ಟು ಹಾಕಿದರೂ ನಡೆಯುತ್ತದೆ ಅನ್ನುವಂತಿಲ್ಲ. ಚೆನ್ನಾಗಿ ಕೊಳೆತ ಕಾಂಪೋಸ್ಟ್ ಮತ್ತು ಎರೆಗೊಬ್ಬರ ಸಾರಜನಕವನ್ನು ನಿಧಾನವಾಗಿ ಬಿಡುತ್ತವೆ. ನನಗೆ ಅವೇ ಇಷ್ಟ.

ಪೊಟ್ಯಾಷ್ ಮರೆಯಬೇಡಿ. ಟೊಮೆಟೊ ಸಾರಜನಕಕ್ಕಿಂತ ಪೊಟ್ಯಾಷನ್ನೇ ಜಾಸ್ತಿ ಎಳೆದುಕೊಳ್ಳುತ್ತದೆ. ಅದು ಕಡಿಮೆಯಾದರೆ ಅಮೈನೋ ಆಮ್ಲ ಪ್ರೋಟೀನ್ ಆಗದೆ ರಸದಲ್ಲೇ ಉಳಿಯುತ್ತದೆ, ಮತ್ತೆ ಹುಳಕ್ಕೆ ಹಬ್ಬ. ಆದರೆ ಅತಿಯಾದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇರಿಗೆ ಸಿಗದಂತೆ ಮಾಡಿ, ಕಾಯಿಯ ತಳ ಕಪ್ಪಾಗುತ್ತದೆ. ಸಿಲಿಕಾನ್ ಕೊಟ್ಟರೆ ಹುಳ ಕಡಿಮೆಯಾಗುತ್ತದೆ ಅಂತ ಈಗ ಬಹಳ ಮಾತು ಕೇಳುತ್ತೇನೆ. ಭತ್ತದ ಹಾಗೆ ಟೊಮೆಟೊ ಅದನ್ನು ಹೀರುವುದಿಲ್ಲ, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಸಾರಜನಕವನ್ನು ಪೂರ್ತಿ ನಿಲ್ಲಿಸುವುದು ಕೂಡ ತಪ್ಪು. ಹುಳ ಕಡಿಮೆಯಾಗಬಹುದು, ಹಣ್ಣೂ ಕಡಿಮೆಯಾಗುತ್ತದೆ.

ನಿಮ್ಮ ಮಣ್ಣಲ್ಲೇ ನೋಡಿ

ಎರಡು ತಳಿ, ಎರಡು ಗೊಬ್ಬರದ ಮಟ್ಟ: ನಾಲ್ಕು ಸಣ್ಣ ಪಾತಿ ಆಗುತ್ತವೆ. ಈ ನಾಲ್ಕನ್ನೂ ಹೊಲದ ಮೂರು ಕಡೆ, ಪ್ರತಿ ಸಲ ಕ್ರಮ ಬದಲಿಸಿ ಹಾಕಿ. ಒಂದೇ ಅಂಚಿನಲ್ಲಿ ಇಟ್ಟರೆ ಗಾಳಿಗೆ ಬಂದ ಹುಳ ಅಲ್ಲೇ ಇಳಿದು ಲೆಕ್ಕ ತಪ್ಪುತ್ತದೆ. ನೀರು, ಔಷಧಿ ಎಲ್ಲಕ್ಕೂ ಒಂದೇ ಇರಲಿ.

ವಾರಕ್ಕೊಮ್ಮೆ ಬೆಳಿಗ್ಗೆ ತಂಪಲ್ಲಿ ಎಣಿಸಿ. ಹಾರುವ ಬಿಳಿ ನೊಣ ಎಣಿಸಿದರೆ ಸಾಲದು, ಅದು ಪಾತಿಯಿಂದ ಪಾತಿಗೆ ಹಾರುತ್ತದೆ. ಮರಿಗಳನ್ನು ಎಣಿಸಿ. ಮೊಟ್ಟೆಯೊಡೆದ ಸ್ವಲ್ಪ ಹೊತ್ತು ಬಿಟ್ಟರೆ ಮರಿ ಕೂತ ಜಾಗ ಬಿಟ್ಟು ಅಲುಗುವುದಿಲ್ಲ. ಆದ್ದರಿಂದ ಅಲ್ಲಿ ಸಿಕ್ಕ ಮರಿ ಆ ಗಿಡದ್ದೇ ರಸ ಕುಡಿದು ಬೆಳೆದದ್ದು. ಮೊಟ್ಟೆಗಳು ಗಿಡದ ಮೇಲ್ಭಾಗದ ಎಳೆ ಎಲೆಯ ಅಡಿಯಲ್ಲಿ, ದೊಡ್ಡ ಮರಿಗಳು ಕೆಳಗಿನ ಬಲಿತ ಎಲೆಯ ಅಡಿಯಲ್ಲಿ ಇರುತ್ತವೆ. ಥ್ರಿಪ್ಸ್ ಅನ್ನುವ ಸಣ್ಣ ರಸ ಹೀರುವ ಹುಳಕ್ಕೆ ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಟೂಟಾಗೆ ಎಲೆಯ ಸುರಂಗ, ಕಾಯಿಕೊರಕಕ್ಕೆ ತೂತಾದ ಕಾಯಿ ಎಣಿಸಿ. ಪ್ರತಿ ಪಾತಿಯ ಹಣ್ಣಿನ ತೂಕವನ್ನೂ ಬರೆದಿಡಿ.

ಹೆಚ್ಚು ಗೊಬ್ಬರದ ಪಾತಿಯಲ್ಲಿ ಮರಿ ಜಾಸ್ತಿ ಇದ್ದು, ತೂಕ ಅಷ್ಟೇ ಇದ್ದರೆ ಮುಂದಿನ ಬೆಳೆಗೆ ಕಡಿಮೆ ಮಟ್ಟದಲ್ಲೇ ನಿಲ್ಲಿ. ಒಂದು ತಳಿಯಲ್ಲಿ ಮಾತ್ರ ಈ ವ್ಯತ್ಯಾಸ ಕಂಡರೆ ಆ ತಳಿಗೆ ಸಾರಜನಕದ ಕಂತನ್ನು ಇನ್ನೂ ಚಿಕ್ಕದು ಮಾಡಿ, ಇನ್ನೊಂದಕ್ಕೆ ಈಗಿನಂತೆಯೇ ಮುಂದುವರಿಸಿ.