ರಾತ್ರಿ ಮಾತ್ರ ಏರುತ್ತಿದ್ದ ಟೆಂಪರೇಚರ್ ಮುಳ್ಳು

ನಮ್ಮದು ಕಾರ್ಬುರೇಟರ್ ಕಾಲದ ಹಳೆಯ ಪೆಟ್ರೋಲ್ ಕಾರು. ಹಗಲು ಹೊತ್ತು ಎಲ್ಲ ಸರಿ. ಉರಿಬಿಸಿಲಲ್ಲಿ ಆಗುಂಬೆ ಘಾಟಿ ಹತ್ತಿದರೂ ಟೆಂಪರೇಚರ್ ಮುಳ್ಳು ನಡುವಿನಲ್ಲೇ ನಿಲ್ಲುತ್ತಿತ್ತು. ಕತ್ತಲಾಗಿ ತಂಪು ಗಾಳಿ ಬೀಸತೊಡಗಿದ ಮೇಲೆ ಅದೇ ಮುಳ್ಳು ಮೆಲ್ಲಗೆ 'ಎಚ್' (ಹಾಟ್, ಅಂದರೆ ಬಿಸಿ) ಕಡೆ ಏರುತ್ತಿತ್ತು. ಎಂಜಿನ್ ಬಿಸಿಯಾಗೋದಾದರೆ ಹಗಲಲ್ಲೇ ಜಾಸ್ತಿ ಆಗಬೇಕು, ಅಲ್ವಾ?

ಗ್ಯಾರೇಜಿನಲ್ಲಿ ಕೇಳಿದೆ. ಥರ್ಮೋಸ್ಟಾಟ್ (ಎಂಜಿನ್ ತಣಿಸುವ ನೀರನ್ನು ಬಿಸಿಗೆ ತಕ್ಕಂತೆ ಬಿಡುವ ವಾಲ್ವ್) ಬದಲಾಯಿಸಿ, ರೇಡಿಯೇಟರ್ ಬಿಚ್ಚಿ ತೊಳೆಸಿ ಅಂದರು. ನಾನು ಒಪ್ಪಲಿಲ್ಲ. ಸಾಮಾನಿಗೆ ದುಡ್ಡು ಸುರಿಯುವ ಮುಂಚೆ ಎಂಜಿನ್ ನಿಜವಾಗಿಯೂ ಬಿಸಿಯಾಗ್ತಿದೆಯಾ, ಇಲ್ಲ ಮೀಟರ್ ಸುಳ್ಳು ಹೇಳ್ತಿದೆಯಾ ಅನ್ನೋದು ಗೊತ್ತಾಗಲೇಬೇಕು.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ. ಕೂಲೆಂಟ್ ಬಾಯಿಮಟ್ಟ ಇತ್ತು. ಇದನ್ನು ಮೊದಲು ನೋಡುವುದು ಯಾಕೆಂದರೆ, ನೀರು ಕಡಿಮೆಯಾಗಿ, ಬಿಸಿ ಅಳೆಯುವ ಸೆನ್ಸರ್ ಸುತ್ತ ಗಾಳಿ ತುಂಬಿಕೊಂಡರೂ ಮುಳ್ಳು ಮನಬಂದಂತೆ ಕುಣಿಯುತ್ತದೆ. ಎಂಜಿನ್ ಬಿಸಿ ಇರುವಾಗ ಮಾತ್ರ ಈ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಅಂದು ರಾತ್ರಿ ಮುಳ್ಳು ಮೇಲಿದ್ದಾಗಲೇ ಗಾಡಿ ನಿಲ್ಲಿಸಿ, ಥರ್ಮೋಸ್ಟಾಟ್ ಇರುವ ಜಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಜ್ವರ ನೋಡುವ ಗನ್ ಇದಕ್ಕೆ ಆಗುವುದಿಲ್ಲ, ವರ್ಕ್‌ಶಾಪಿನದ್ದೇ ಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಹಾಗಾಗಿ ಮೊದಲೇ ಅಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿಟ್ಟಿದ್ದೆ. ಬಂದದ್ದು 88 ಡಿಗ್ರಿ, ಅಂದರೆ ಮಾಮೂಲಿ ಬಿಸಿಯೇ. ಎಂಜಿನ್‌ಗೆ ಏನೂ ಆಗಿಲ್ಲ.

ಇನ್ನು ಉಳಿದದ್ದು ಸೆನ್ಸರ್, ವೈರ್, ಮೀಟರ್. ಇಂಥ ಕಾರುಗಳಲ್ಲಿ ಸೆನ್ಸರ್‌ಗೆ ಒಂದೇ ವೈರ್. ಅದರ ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ, ಎಂಜಿನ್ ಮೂಲಕವೇ ಆಗುತ್ತದೆ. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟ್ ಜಾಸ್ತಿ ಹರಿದು ಮುಳ್ಳು ಏರುತ್ತದೆ. ವೈರ್ ಕಿತ್ತೆ, ಮುಳ್ಳು 'ಸಿ'ಗೆ (ಕೋಲ್ಡ್, ಅಂದರೆ ತಣ್ಣಗೆ) ಇಳಿಯಿತು. ವೈರ್ ಎಲ್ಲಾದರೂ ಸುಲಿದು ಕಾರಿನ ತಗಡಿಗೆ ತಾಗಿದ್ದರೆ ಇಳಿಯುತ್ತಿರಲಿಲ್ಲ. ಮಲ್ಟಿಮೀಟರ್ ಹಚ್ಚಿದರೆ ಸೆನ್ಸರ್‌ನ ರೆಸಿಸ್ಟೆನ್ಸ್ ಕೂಡ ಎಂಜಿನ್ ಕಾದಂತೆ ಒಂದೇ ಸಮನೆ ಇಳಿಯಿತು. ಕಿತ್ತ ವೈರನ್ನು ಎಂಜಿನ್‌ಗೆ ಮುಟ್ಟಿಸಿ ನೋಡುವವರಿದ್ದಾರೆ. ಮುಟ್ಟಿಸುವುದಾದರೆ ಮುಳ್ಳು ಅಲುಗಿದ ಕೂಡಲೇ ತೆಗೆಯಿರಿ, ಹಾಗೇ ಬಿಟ್ಟರೆ ಮೀಟರ್ ಸುಟ್ಟು ಹೋಗಬಹುದು.

ನಿಜವಾದ ಸುಳಿವು ಸಿಕ್ಕಿದ್ದು ಪಕ್ಕದ ಪೆಟ್ರೋಲ್ ಮುಳ್ಳಿನಲ್ಲಿ. ಅದೂ ರಾತ್ರಿ ಏರುತ್ತಿತ್ತು! ಎಂಜಿನ್ ಆಫ್ ಮಾಡಿ, ಬರೀ ಕೀ ಆನ್ ಇಟ್ಟು, ಪಾರ್ಕಿಂಗ್ ಲೈಟ್ ಹಾಕಿದೆ. ಸ್ವಲ್ಪ ಹೊತ್ತಿಗೆ ಎರಡೂ ಮುಳ್ಳು ಒಟ್ಟಿಗೆ ಮೇಲೆ ಬಂದವು. ಲೈಟ್ ಆರಿಸಿದೆ, ಎರಡೂ ಇಳಿದವು. ಸೆನ್ಸರ್ ಒಂದೇ ಕೆಟ್ಟಿದ್ದರೆ ಪೆಟ್ರೋಲ್ ಮುಳ್ಳು ಯಾಕೆ ಏರಬೇಕು?

ಇಂಥ ಮೀಟರ್ ಬೋರ್ಡ್ ಹಿಂದೆ ಸ್ಟೆಬಿಲೈಸರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ. ಬ್ಯಾಟರಿಯ ವೋಲ್ಟೇಜ್ ಏರಿಳಿದರೂ ಎರಡೂ ಮೀಟರ್‌ಗಳಿಗೆ ಸುಮಾರು 10 ವೋಲ್ಟ್ ಕೊಡುವುದು ಅದರ ಕೆಲಸ. ಈ ಡಬ್ಬಿಗೂ ಬೋರ್ಡಿನ ಬಲ್ಬುಗಳಿಗೂ ಅರ್ಥಿಂಗ್ ಒಂದೇ. ಆ ಜಾಯಿಂಟ್ ಕೆಟ್ಟಿದ್ದರೆ, ಬಲ್ಬು ಉರಿದ ಕೂಡಲೇ ಅಲ್ಲಿ ಒಂದೆರಡು ವೋಲ್ಟ್ ನಿಂತುಬಿಡುತ್ತದೆ. ಡಬ್ಬಿ ತನಗೆ ಬರುತ್ತಿರುವುದೇ ಕಡಿಮೆ ಅಂದುಕೊಂಡು ಮೀಟರ್‌ಗಳಿಗೆ ಜಾಸ್ತಿ ಬಿಡುತ್ತದೆ. ಹಗಲು ಬಲ್ಬು ಉರಿಯುವುದಿಲ್ಲವಲ್ಲ, ಅದಕ್ಕೇ ತೊಂದರೆ ಕಾಣುತ್ತಿರಲಿಲ್ಲ.

ಸುಮ್ನೆ ಊಹೆ ಬೇಡ ಅಂತ ಅಳೆದೆ. ಮಲ್ಟಿಮೀಟರ್‌ನ ಕಪ್ಪು ತುದಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ತುದಿ ಬೋರ್ಡಿನ ಅರ್ಥಿಂಗ್‌ಗೆ. ಲೈಟ್ ಇಲ್ಲದಾಗ ಹೆಚ್ಚುಕಡಿಮೆ ಸೊನ್ನೆ. ಲೈಟ್ ಹಾಕಿದರೆ 1.6 ವೋಲ್ಟ್! ಅಲ್ಲಿಂದ ಬ್ಯಾಟರಿ ನೆಗೆಟಿವ್‌ಗೆ ಒಂದು ಉದ್ದದ ವೈರ್ ನೇರವಾಗಿ ಕೊಟ್ಟೆ. ಲೈಟ್ ಉರಿಯುತ್ತಿದ್ದ ಹಾಗೇ ಎರಡೂ ಮುಳ್ಳು ನಿಧಾನಕ್ಕೆ ಇಳಿದವು. ನಿಧಾನಕ್ಕೆ ಇಳಿಯುವುದು ಈ ಮೀಟರ್‌ಗಳ ಸ್ವಭಾವ, ಕರೆಂಟಿಗೆ ಬಿಸಿಯಾಗಿ ಬಾಗಿ ಮುಳ್ಳನ್ನು ಸರಿಸುವ ಒಳಗಿನ ಲೋಹದ ಪಟ್ಟಿ ತಣಿಯಬೇಕಲ್ಲ.

ಬ್ಯಾಟರಿ ಕನೆಕ್ಷನ್ ತೆಗೆದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಎಡ ಮೂಲೆಯಲ್ಲಿ ಒಂದು ಸ್ಕ್ರೂ, ಅದರಡಿ ಅರ್ಥಿಂಗ್‌ನ ಕಪ್ಪು ವೈರಿನ ತಾಮ್ರದ ಉಂಗುರ. ಉಂಗುರಕ್ಕೆ ಹಸಿರು ಕಿಲುಬು ಹಿಡಿದಿತ್ತು, ಸ್ಕ್ರೂ ತುಕ್ಕಿನಲ್ಲಿ ಕೂತಿತ್ತು. ಮೇಲಿನಿಂದ ಒಂದು ನೀರಿನ ಗೆರೆ ಬಂದಿತ್ತು. ಮುಂದಿನ ಗಾಜಿನ ಬೀಡಿಂಗ್ ರಬ್ಬರ್ ಒಣಗಿ ಬಿರಿದು, ಮಲೆನಾಡಿನ ಮಳೆಯ ನೀರೆಲ್ಲ ಒಳಗೆ ಇಳಿಯುತ್ತಿತ್ತು.

ಉಂಗುರ ಕತ್ತರಿಸಿ ಹೊಸದು ಹಾಕಿದೆ. ಬಾಡಿಯ ತಗಡನ್ನು ಎಮರಿ ಪೇಪರಿನಿಂದ ಹೊಳಪು ಬರುವ ತನಕ ಉಜ್ಜಿ, ಹೊಸ ಸ್ಕ್ರೂ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಈಗ ಲೈಟ್ ಹಾಕಿದರೂ ಅಲ್ಲಿ 0.05 ವೋಲ್ಟ್ ಮಾತ್ರ. ಬೀಡಿಂಗ್ ಕೂಡ ಬದಲಾಯಿಸಿದೆ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಕಿಲುಬು ಕಟ್ಟುತ್ತಿತ್ತು. ನನಗೆ ಹೆಚ್ಚು ಸಮಾಧಾನ ಆಗಿದ್ದು ಪೆಟ್ರೋಲ್ ಮುಳ್ಳು ಸರಿಹೋದದ್ದಕ್ಕೆ. ರಾತ್ರಿ ಘಾಟಿಯಲ್ಲಿ ಇರುವುದಕ್ಕಿಂತ ಜಾಸ್ತಿ ಪೆಟ್ರೋಲ್ ತೋರಿಸುವ ಮೀಟರ್ ಬಹಳ ಅಪಾಯ.